ಸೀಟಿನ ಕೆಳಗೆ

ಮಂಡ್ಯ–ಪಾಂಡವಪುರ, ಅರ್ಧ ದಾರಿ ನಾಲೆ ಏರಿ ಮೇಲೆ,
ದಿನಕ್ಕೆ ಎಂಟು ಟ್ರಿಪ್ಪು. ನಾನು ಕಂಡಕ್ಟರು.
ನಮ್ಮ ಬಸ್ಸಿನ ಹಿಂದಿನ ನಾಲ್ಕು ಸಾಲು
ಒಂದು ಕಾಲಕ್ಕೆ ಲಂಡನ್ನಿಗೆ ಹೋಗುತ್ತಿತ್ತು.

ನಂಬದವರು ಬಂದು ಕೈಯೂರುವ ಜಾಗ ನೋಡಲಿ.
ಮುಚ್ಚಳ ಎತ್ತಿದರೆ ಬೂದಿಬಟ್ಟಲು,
ಮೋಡದ ಮೇಲೆ ಕೂತು ಸಿಗರೇಟು ಸೇದಬಹುದಾಗಿದ್ದ ಕಾಲದ್ದು.
ಈಗ ಅದರೊಳಗೆ ಹರಿದ ಟಿಕೆಟ್ಟು, ಹುಣಸೆಬೀಜ,
ಯಾರೋ ಬಸುರಿ ಹೆಂಗಸು ಅರ್ಧ ಚೀಪಿಟ್ಟ ನಿಂಬೆಹುಳಿ ಪೆಪ್ಪರಮೆಂಟು.

ಧಣಿ ಚಿಕ್ಕತಿಮ್ಮೇಗೌಡರು ಮುಂಬಯಿಗೆ ಹೋದದ್ದು
ಬಸ್ಸಿಗೊಂದು ಹಳೇ ಎಂಜಿನ್ ಹುಡುಕಿಕೊಂಡು.
ಗುಜರಿಯಲ್ಲಿ, ಜಂಬೋ ವಿಮಾನದ ಹೊಟ್ಟೆ ಬಗೆದು
ಅಂಗಳಕ್ಕೆ ಸುರಿದ ಸೀಟುಗಳ ರಾಶಿ ಕಂಡು
ಎಂಜಿನ್ ಮರೆತು ಬಂದರು.
"ತೂಕದ ಲೆಕ್ಕ ಕಣ್ಲಾ, ಕಬ್ಬಿನಂಗೆ!"

ಮೈಸೂರು ಮಂಡಿಮೊಹಲ್ಲಾದ ಖಲಂದರ್ ಸಾಹೇಬರು
ಹೊಲಿಗೆ ಬಿಚ್ಚಿದರು. ನಾನು ಪಕ್ಕದಲ್ಲಿ ದಾರ ಹಿಡಿದಿದ್ದೆ.
ಮೇಲೆ ಬೂದು ಬಟ್ಟೆ. ಅದರಡಿ ಹಸಿರು.
ಹಸಿರಿನಡಿ, ತೆಗೆಯಲು ಯಾರಿಗೂ ಪುರುಸೊತ್ತಿಲ್ಲದೆ ಉಳಿದ
ಕಿತ್ತಳೆ, ಕಂದು ಪಟ್ಟೆಯದು.
ಸಾಹೇಬರು ಕಣ್ಣು ಮುಚ್ಚಿ ಬೆರಳಾಡಿಸಿದರು:
"ಇದು ಅಸಲಿ ಉಣ್ಣೆ. ಇದು ಅರ್ಧಂಬರ್ಧ.
ಇದು ಬರೀ ಪ್ಲಾಸ್ಟಿಕ್ಕು.
ಕಂಪನಿ ಬಡವಾಗ್ತಾ ಬಂದದ್ದು ಬಟ್ಟೆ ಹೇಳ್ತದೆ, ತಮ್ಮಾ."

ಕಿತ್ತಳೆಯ ಕಾಲಕ್ಕೆ ವಿಮಾನದಲ್ಲೂ ಮಹಡಿ ಇತ್ತಂತೆ,
ಸುರುಳಿ ಮೆಟ್ಟಿಲು, ಮೇಲೆ ಸೋಫಾ,
ರೋಮು ದಾಟುವ ತನಕ ಇಸ್ಪೀಟು ಆಡುವವರು.
ಹಸಿರಿನ ಕಾಲಕ್ಕೆ ಸೋಫಾ ಹೋಗಿ ಸೀಟು ಬಂತು.
ಬೂದಿನ ಕಾಲಕ್ಕೆ ಸಾಲಿಗೆ ಇನ್ನೊಂದು, ಇನ್ನೊಂದು,
ಮೊಣಕಾಲು ಎಲ್ಲಿಡುವುದೆಂದು ಯಾರೂ ಕೇಳಲಿಲ್ಲ.
ಗುಜರಿ ಗುಮಾಸ್ತ ಗೌಡರಿಗೆ ಹೇಳಿದ್ದು,
ಗೌಡರು ಮೂರು ಪಟ್ಟು ಮಾಡಿ ನನಗೆ ಹೇಳಿದ್ದು.

ಸ್ಪಂಜಿನ ಸಂದಿಯಲ್ಲಿ ಸಿಕ್ಕಿದ್ದು: ತೂತಿನ ಕಾಸೊಂದು,
ತಲೆಪಿನ್ನು,
ಕಾಗದದಲ್ಲಿ ಸುತ್ತಿದ ಹಾಲುಹಲ್ಲು.
ನಾವಾದರೆ ಹೆಂಚಿನ ಮೇಲೆ ಎಸೆಯುತ್ತೇವೆ.
ಆ ಮಗುವಿಗೆ ಆವತ್ತು ಮೇಲೆ ಹೆಂಚೆಲ್ಲಿ?
ಸಾಹೇಬರು ಏನೂ ಅನ್ನದೆ ಅದನ್ನು ಅಲ್ಲೇ ಇಟ್ಟು
ಹೊಸ ರೆಕ್ಸಿನ್ ಎಳೆದು ಹೊಲಿದರು.

ಈಗ ಬನ್ನಿ, ಬೆಳಗಿನ ಏಳೂ ಹತ್ತರ ಟ್ರಿಪ್ಪಿಗೆ.
ಮಡಚುವ ಹಲಗೆಯ ಮೇಲೆ ಮೊಟ್ಟೆ ಟ್ರೇ.
ಹಾಡು ಕೇಳುವ ತೂತಿಗೆ ಕಿವಿಯಿಟ್ಟು ಒಬ್ಬ ಹುಡುಗ
"ಏನೋ ಗುಂಯ್ ಅಂತೈತೆ" ಅನ್ನುತ್ತಾನೆ. ಅದು ನಮ್ಮ ಗೇರ್‌ಬಾಕ್ಸು.
ಹೆಂಗಸಿನ ಚಿತ್ರದ ಗುಂಡಿ ಒತ್ತಿ ಒತ್ತಿ
ಸಾಕಾದವರು ಕೊನೆಗೆ ನನ್ನನ್ನೇ ಕೂಗುತ್ತಾರೆ.

ನಲವತ್ಮೂರನೇ ನಂಬರಿನ ಕಿಟಕಿ ಸೀಟು ದೊಡ್ಡತಾಯಮ್ಮನದು.
ಬೆನ್ನಿನ ಮೇಲೆ ಇಂಗ್ಲಿಷು, ಹಿಂದಿ ಅಕ್ಷರ.
"ಏನ್ ಬರ್ದವ್ರೆ, ಓದ್ಲಾ ಮಗ" ಅಂದಳು ಒಂದು ದಿನ.
ಓದಿದೆ: ಜೀವರಕ್ಷಕ ಅಂಗಿ ನಿಮ್ಮ ಸೀಟಿನ ಕೆಳಗಿದೆ.

ನಗಲಿಲ್ಲ ಆಕೆ.
ಆಗ ತಾನೆ ಬಸ್ಸು ಏರಿ ಹತ್ತಿತ್ತು.
ಎಡಕ್ಕೆ ನಾಲೆ, ತಡೆಗೋಡೆಯಿಲ್ಲ,
ಕಟ್ಟೆಯಿಂದ ಬಿಟ್ಟ ಹೊಸ ನೀರು ಕೆಂಪಗೆ, ಸದ್ದಿಲ್ಲದೆ.
ಇಲ್ಲಿ ಬಂದರೆ ಮಾತು ತಾವಾಗಿ ನಿಲ್ಲುತ್ತವೆ,
ಡ್ರೈವರ್ ಹಾಡು ಕೂಡ ಆರಿಸುತ್ತಾನೆ.
ಅವಳು ಬಗ್ಗಿ ಕೈ ಹಾಕಿ ತಡವಿದಳು.
ಖಾಲಿ ಚೀಲ, ಎರಡು ಗುಂಡಿ.

ಮರುವಾರ ಸೆರಗಿನಡಿ ಏನೋ ಮುಚ್ಚಿಕೊಂಡು ಹತ್ತಿದಳು:
ಒಣಗಿದ ಸೋರೆಬುರುಡೆ.
ಈಜು ಕಲಿಯಲು ಅವಳ ಮಕ್ಕಳು ಬೆನ್ನಿಗೆ ಕಟ್ಟಿಕೊಂಡದ್ದು,
ಹಗ್ಗ ಸಮೇತ.
ಆ ಚೀಲಕ್ಕೆ ತುರುಕಿ, ಗುಂಡಿ ಹಾಕಿ,
"ಬರದ್ ಮ್ಯಾಕೆ ಇರ್ಬೇಕಲ್ವೇನಪ್ಪ" ಅಂದಳು.

ಲಗೇಜಿಗೆ ಹತ್ತು ರೂಪಾಯಿ ಹಾಕಬೇಕಿತ್ತು.
ಹಾಕಲಿಲ್ಲ. ಗೌಡರಿಗೂ ಹೇಳಿಲ್ಲ.